ಒಂದು ಕೆನ್ನೆಯ ಅಳತೆ

ಯೋಮ್ ಕಿಪ್ಪೂರಿನ ಹಿಂದಿನ ಮಧ್ಯಾಹ್ನ
ಇಬ್ಬರೂ ಕೂತು ಕೆನ್ನೆ ಅಳೆದೆವು.
ಹದಿನಾಲ್ಕನೇ ಹಾಸಿಗೆಯ ಪೆರ್ಲ್ ಮಾಯೆರ್ಚಿಕ್,
ವಯಸ್ಸು ಎಪ್ಪತ್ತೊಂಬತ್ತು,
ಬಾಯ್ತುಂಬ ನೀರು ತುಂಬಿಕೊಂಡು
ನನ್ನನ್ನೇ ದುರುಗುಟ್ಟಿ ನೋಡಿ
ಔಷಧದ ಬಟ್ಟಲಿಗೆ ಉಗುಳಿದರು.

ಎಂಬತ್ತು ಮಿಲಿಲೀಟರು.
ಅದರಲ್ಲಿ ಅರ್ಧ ಒಂದು ಕೆನ್ನೆಯದು.
ಒಂದು ಕೆನ್ನೆಗೂ ತುಸು ಕಡಿಮೆ,
ಒಂಬತ್ತು ನಿಮಿಷಕ್ಕೊಮ್ಮೆ,
ಅಷ್ಟಾದರೆ ಕುಡಿದೂ ಕುಡಿಯದಂತೆ
ಎಂದು ಅವರ ರಬ್ಬಿ ಫೋನಿನಲ್ಲಿ ಬಿಡಿಸಿ ಹೇಳಿದ್ದರು.
ಆಮೇಲೆ ದನಿ ಏರಿಸಿ:
ಡಾಕ್ಟರು ಕುಡಿ ಎಂದ ಮೇಲೆ ಕುಡಿಯುವುದೇ ನಿನ್ನ ವ್ರತ,
ಹಟ ಮಾಡಿದರೆ ಅದೇ ಪಾಪ, ತಿಳೀತಾ ಪೆರ್ಲ್?

ತಿಳಿದಿತ್ತು. ಸಮಾಧಾನವಿರಲಿಲ್ಲ.
ಹನ್ನೆರಡನೇ ವಯಸ್ಸಿನಿಂದ
ಒಂದು ವರ್ಷವೂ ತಪ್ಪಿಸದ ನಿಟ್ಟುಪವಾಸ,
ಹೊಟ್ಟೆಯಲ್ಲಿ ಮೋರಿಟ್ಸ್ ಒದೆಯುತ್ತಿದ್ದಾಗಲೂ.
ಈಗ ಉಳಿದಿದ್ದ ಒಂದೇ ಕಿಡ್ನಿ ನೀರು ನೀರು ಎನ್ನುತ್ತಿತ್ತು.
ಸೂಜಿ ಚುಚ್ಚಿ ಚುಚ್ಚಿ ಸೋತು
ಡ್ರಿಪ್ಪನ್ನು ಮೂಲೆಗೆ ತಳ್ಳಿದ್ದೆವು.

ಮಾರ್ಕರಿನಲ್ಲಿ ಗೆರೆ ಎಳೆದೆ, ಮೂವತ್ತೆಂಟಕ್ಕೆ.
ಬಟ್ಟಲನ್ನು ಕಣ್ಣಿನ ಮಟ್ಟಕ್ಕೆತ್ತಿ ಪರೀಕ್ಷಿಸಿದರು.
ಗಂಡ ವಜ್ರ ಸಾಣೆ ಹಿಡಿಯುತ್ತಿದ್ದವರು,
ಆಂಟ್ವರ್ಪಿನ ಆ ರೈಲುಕಟ್ಟೆಯ ಪಕ್ಕದ ಬೀದಿಯಲ್ಲಿ.
ಕೂದಲೆಳೆಯಷ್ಟು ಗೆರೆಗೂ
ಆ ಮನೆಯಲ್ಲಿ ಜಗಳವಾಗಿರಬೇಕು.

ಮರುದಿನ ಬೆಳಿಗ್ಗೆ ಏಳಕ್ಕೆ
ರಾತ್ರಿಪಾಳಿಯ ಯೋರಿಸ್ ಪಟ್ಟಿ ಕೈಗಿತ್ತ:
ಎಬ್ಬಿಸಿ ಎಬ್ಬಿಸಿ ಕುಡಿಸಿದೆ, ಲೀವ,
ಯಾವ ಭಾಷೆಯಲ್ಲಿ ಬೈದರೋ ಗೊತ್ತಾಗಲಿಲ್ಲ.

ಇಂದು ಅವರು ಕರೆಗಂಟೆಯ ಗುಂಡಿ ಒತ್ತುವುದಿಲ್ಲ,
ದೀಪ ಹಾಕುವುದಿಲ್ಲ, ಆರಿಸುವುದಿಲ್ಲ,
ಪೆನ್ನು ಮುಟ್ಟುವುದಿಲ್ಲ.
ಸಹಿಗಳನ್ನೆಲ್ಲ ನಿನ್ನೆಯೇ ಹಾಕಿಸಿಕೊಂಡಿದ್ದೆ.
ಬಾಗಿಲು ಅರ್ಧ ತೆರೆದಿಟ್ಟು ಹೇಳಿದೆ,
ಕೆಮ್ಮಿದರೆ ಸಾಕು, ಬರುತ್ತೇನೆ.

ಎದೆಗೆ ಸಿಕ್ಕಿಸಿದ ಗಡಿಯಾರ ತಿರುವಿ ನೋಡುತ್ತ
ಒಂಬತ್ತು ನಿಮಿಷ ಓಡಿದೆ.
ಹನ್ನೊಂದನೆಯವರ ಬ್ಯಾಂಡೇಜು, ಗುಟುಕು,
ಒಂಬತ್ತನೆಯವನ ಪಿತ್ತಕೋಶ, ಅವನ ಬೈಗುಳ, ಗುಟುಕು,
ಲಿಫ್ಟಿನೊಳಗೆ ಸಿಕ್ಕಿಬಿದ್ದ ಸ್ಟ್ರೆಚರು,
ಒಂದು ಗುಟುಕು ತಪ್ಪಿತು.
ಕುಡಿಯುವಾಗೆಲ್ಲ ಮುಖ ಗೋಡೆಗೆ ತಿರುಗಿಸುತ್ತಿದ್ದರು
ಬೆಲ್ಲ ಕದ್ದ ಮಗುವಿನ ಹಾಗೆ.

ಮೇಲೆ ಇಂದು ಪುಸ್ತಕ ಮುಚ್ಚುತ್ತದಂತೆ,
ವರುಷದ ಹೆಸರುಗಳ ಮೇಲೆ ಮುದ್ರೆ ಬೀಳುತ್ತದಂತೆ.
ನನ್ನ ಹತ್ತಿರ ಇದ್ದದ್ದು ಒಂದೇ ಹಾಳೆ:
ಒಳಗೆ ಹೋದದ್ದು, ಹೊರಗೆ ಬಂದದ್ದು.

ಮೂರು ಗಂಟೆಯ ಸುಮಾರಿಗೆ
ಅವರ ಕಣ್ಣು ನನ್ನ ಕಾಲಿಗೆ ಬಿತ್ತು.
ರಬ್ಬರಿನದಾ?
ಹೌದು, ವಾರ್ಡಿನ ಚಪ್ಪಲಿ.
ನಾವೂ ಇವತ್ತು ಚರ್ಮ ಮೆಟ್ಟೋದಿಲ್ಲ, ಎಂದರು.
ಬೇರೆ ಬಿಳೀ ಉಟ್ಟಿದ್ದೀಯ.
ಸ್ವಲ್ಪ ಹೊತ್ತು ಸುಮ್ಮನಿದ್ದು:
ಬೆಳಿಗ್ಗೆಯಿಂದ ಏನಾದರೂ ತಿಂದೆಯಾ?

ಲಾಕರಿನಲ್ಲಿ ಬ್ರೆಡ್ಡು ಕಟ್ಟಿದ ಹಾಗೇ ಇತ್ತು,
ಕಾಫಿ ಎಲ್ಲೋ ತಣ್ಣಗಾಗಿತ್ತು.
ಅವರು ಕೇಳಿದ್ದೇ ತಡ
ನನ್ನ ನಾಲಗೆ ಅಂಗಳಿಗೆ ಅಂಟಿಕೊಂಡಿತು.

ಹೂಜಿಯತ್ತ ಗಲ್ಲ ಎತ್ತಿದರು.
ಕುಡಿ. ಡಾಕ್ಟರು ಹೇಳದಿದ್ದರೆ ನಾನು ಹೇಳ್ತೀನಿ.
ಹೊಸ ಬಟ್ಟಲು ತೆಗೆದು
ಅಭ್ಯಾಸಬಲದಿಂದ ಮೂವತ್ತೆಂಟಕ್ಕೆ ನಿಲ್ಲಿಸಿದೆ.
ಪೂರ್ತಿ ತುಂಬು ಹುಡುಗೀ, ನಿನಗ್ಯಾಕೆ ಗೆರೆ?
ಅವರು ನಕ್ಕದ್ದು ಅದೇ ಮೊದಲು.
ನಗುವಾಗ ಹೊಲಿಗೆ ನೋಯಿತು, ಒತ್ತಿ ಹಿಡಿದುಕೊಂಡರು.
ಮುಖ ಗೋಡೆಗೆ ತಿರುಗಿಸಿ ಕುಡಿದೆ.
ಯಾಕೆಂದು ಕೇಳಬೇಡಿ.

ಸಂಜೆ ಸ್ಟೇಷನ್ನಿನ ದೀಪಗಳ ಮೇಲೆ
ಮೂರು ನಕ್ಷತ್ರ ಹುಡುಕಿದೆವು, ಒಂದೂ ಕಾಣಲಿಲ್ಲ.
ಪ್ರಾರ್ಥನೆ ಮುಗಿಸಿ ನಡೆದೇ ಬಂದ ಮೋರಿಟ್ಸ್
ಬೆವರೊರೆಸಿಕೊಳ್ಳುತ್ತ, ಮುಗೀತಮ್ಮ ಎಂದ.

ಪಟ್ಟಿ ಕೂಡಿಸಿದೆ.
ಎಪ್ಪತ್ತೊಂದು ಗುಟುಕು,
ಎರಡು ಸಾವಿರದ ಆರುನೂರ ತೊಂಬತ್ತೆಂಟು.
ತಪ್ಪು, ಎಂದರು ಪೆರ್ಲ್ ಕಣ್ಣು ಮುಚ್ಚಿಕೊಂಡೇ,
ನಾನು ಎಣಿಸಿದ್ದೇನೆ, ಎಪ್ಪತ್ತೆರಡು.
ಒಂದು ನಿನ್ನದು. ಬರಿ.

ಹಾಳೆ ತಿರುವಿ ಮುರುವಿ ನೋಡಿದೆ.
ಅದಕ್ಕೆ ಅದರಲ್ಲಿ ಜಾಗವಿರಲಿಲ್ಲ.