ಚಿಹ್ನೆ ತಿರುಗುವ ಜಾಗ

ಎಂಟೂಕಾಲಿನ ಲಾಂಚು.
ಸಾಗರದ ಬಸ್ಸು ಇಳಿದು ಓಡಿದರೆ ಸಿಗುತ್ತದೆ.
ಶರಾವತಿಯ ಹಿನ್ನೀರು, ದಡದಿಂದ ದಡಕ್ಕೆ ಹದಿನೆಂಟು ನಿಮಿಷ:
ಅಷ್ಟೇ ನನ್ನ ಪೀರಿಯಡ್ಡು.
ವಿದ್ಯಾರ್ಥಿ ಒಬ್ಬನೇ, ಕನ್ನಪ್ಪ, ಹಗ್ಗ ಎಸೆಯುವವನು,
ಹನ್ನೊಂದು ವರ್ಷದ ಹಿಂದೆ ಗಣಿತವೊಂದರಲ್ಲೇ ಹೋದವನು.
ಹತ್ತನೇದು ಪಾಸಾದರೆ ಚುಕ್ಕಾಣಿ ಹಿಡಿಯಲು ಅರ್ಜಿ ಹಾಕಬಹುದಂತೆ.
ನೋಟ್‌ಬುಕ್ಕು ಲೈಫ್ ಜಾಕೆಟ್ಟಿನೊಳಗೆ,
ಪೆನ್ಸಿಲು ಕಿವಿಯ ಮೇಲೆ.

ಸಮೀಕರಣ ಅವನಿಗೆ ಎಂದೂ ಒಗ್ಗಲಿಲ್ಲ.
"ಎಡಕ್ಕೂ ಬಲಕ್ಕೂ ಸರೀಸಮ ಆಗೋದು
ನಾ ಕಂಡಿದ್ದೇ ಇಲ್ಲ ಮೇಡಂ" ಎನ್ನುತ್ತಾನೆ,
ಬಲಗಡೆ ಜಲ್ಲಿ ಟೆಂಪೊ ನಿಂತರೆ
ಜನರನ್ನೆಲ್ಲ ಎಡಗಡೆಗೆ ಅಟ್ಟಿ
ಲಾಂಚನ್ನು ಸುಮಾರಾಗಿ ನೆಟ್ಟಗೆ ಮಾಡುವವನು.

ಹಾಗಾಗಿ ಅಸಮತೆಯಿಂದಲೇ ಶುರು ಮಾಡಿದೆ.
ಬರೆ: ಲಾಂಚು ತಡೆಯುವುದು ಹದಿನೈದು ಟನ್ನು.
ಮಿನಿ ಬಸ್ಸು ಆರು. ಜೀಪೊಂದಕ್ಕೆ ಎರಡು.
ಜೀಪೆಷ್ಟೋ ಗೊತ್ತಿಲ್ಲ, ಅದಕ್ಕೆ ಎಕ್ಸ್ ಅನ್ನು.
"ಎಕ್ಸ್ ಯಾಕೆ? ಜೀ ಅಂತಲೇ ಇರಲಿ."
ಇರಲಿ.
        ೬ + ೨ಜೀ ≤ ೧೫
        ೨ಜೀ ≤ ೯
        ಜೀ ≤ ೪½
"ನಾಲ್ಕೂವರೆ ಜೀಪು!
ಆ ಅರ್ಧ ಜೀಪಿನ ಡ್ರೈವರು ಯಾವ ಅರ್ಧದಲ್ಲಿ ಕೂತಿರ್ತಾನೆ?"
ನಕ್ಕು ತಾನೇ ನಾಲ್ಕಕ್ಕೆ ಇಳಿಸಿದ.
ತುಸು ತಡೆದು, ಮೂರಕ್ಕೆ.
"ಶುಕ್ರವಾರ ಅಕ್ಕಿಮೂಟೆ ಇರ್ತವೆ."
ಮೂರೂ ಸರಿ, ಎರಡೂ ಸರಿ, ಒಂದೂ ಇಲ್ಲದಿದ್ದರೂ ಸರಿ.
ಇಷ್ಟೊಂದು ಸರಿಯುತ್ತರಗಳಿರುವ ಲೆಕ್ಕವನ್ನು
ಶಾಲೆಯಲ್ಲಿ ಯಾರೂ ಅವನಿಗೆ ಕೊಟ್ಟಿರಲಿಲ್ಲ.

ಕಷ್ಟ ಬಂದದ್ದು ಜನವರಿಯಲ್ಲಿ, ಋಣ ಬಂದಾಗ.
ಋಣಸಂಖ್ಯೆಯಿಂದ ಗುಣಿಸಿದರೆ, ಭಾಗಿಸಿದರೆ
ಚಿಹ್ನೆ ತಿರುಗುತ್ತದೆ, ಎಂದೆ.
"ಯಾಕೆ?"
ನಿಯಮ, ಎಂದೆ. ನಿಯಮ ಅಂದರೆ
ನನಗೆ ಕಲಿಸಿದವರೂ ಕೇಳದೇ ಬಿಟ್ಟದ್ದು.
ಅಂಗಡಿಯ ಬಾಕಿ ಹಿಡಿದು ವಿವರಿಸಲು ಹೋದೆ:
ಎಂಟುನೂರು ಬಾಕಿಯಿದ್ದವನು
ಮುನ್ನೂರು ಬಾಕಿಯಿದ್ದವನಿಗಿಂತ ದೊಡ್ಡವನೇ?
"ಅಂಗಡಿ ಶೆಟ್ಟರು ಎಂಟ್ನೂರರವನನ್ನೇ
ಮೊದಲು ಹೆಸರು ಹಿಡಿದು ಕರೆಯೋದು."
ಲೆಕ್ಕ ಅಲ್ಲಿಗೇ ನಿಂತಿತು. ದಡವೂ ಬಂತು.

ಮರುದಿನ ಗಾಳಿಯಿರಲಿಲ್ಲ.
ನೀರು ಒರೆಸಿಟ್ಟ ಸ್ಲೇಟಿನ ಹಾಗೆ.
ಅಣೆಕಟ್ಟಿನ ಕಾಲಕ್ಕೆ ಮುಳುಗಿಯೂ ಇನ್ನೂ ಬೀಳದ
ಎರಡು ಒಣಮರ, ಒಂದು ಕುಳ್ಳ, ಒಂದು ಎತ್ತರ.
ಹಗ್ಗ ಸುತ್ತುತ್ತಿದ್ದವನು ಸುತ್ತುವುದು ಬಿಟ್ಟು ಕರೆದ.
"ಮೇಡಂ, ಮೇಲೆ ಯಾವುದು ದೊಡ್ಡದು?"
ಆಚೆಯದು.
"ಈಗ ನೀರೊಳಗೆ ನೋಡಿ. ಯಾವುದರ ತುದಿ ಕೆಳಗೆ?"
ಆಚೆಯದೇ.

ಐದು, ಮೂರಕ್ಕಿಂತ ಮೇಲೆ.
ನೀರಿನ ಗೆರೆಯೇ ಸೊನ್ನೆ.
ಐದರ ಬಿಂಬ, ಮೂರರ ಬಿಂಬಕ್ಕಿಂತ ಕೆಳಗೆ.

ಹತ್ತೊಂಬತ್ತು ವರ್ಷ ಕರಿಹಲಗೆಯ ಮೇಲೆ
ಕಣ್ಣುಮುಚ್ಚಿ ನಾನು ತಿರುಗಿಸಿದ ಚಿಹ್ನೆಗಳೆಲ್ಲ
ನೀರುಕಾಗೆಗಳಂತೆ ಬಂದು
ಆ ಒಣಕೊಂಬೆಗಳ ಮೇಲೆ ಕೂತವು,
ರೆಕ್ಕೆ ಒಣಗಿಸಿಕೊಳ್ಳುತ್ತ.
ನಾನು ಏನೂ ಹೇಳಲಿಲ್ಲ.
ಟಿಕೆಟ್ಟಿನವನು ಚಿಲ್ಲರೆ ಕೇಳಿದ, ಕೊಟ್ಟೆ.

ಪರೀಕ್ಷೆಗೆ ಇನ್ನು ಒಂಬತ್ತು ದಿನ.
ಅಂದರೆ ಹದಿನೆಂಟು ಸಲ ದಾಟಬಹುದು, ಹೆಚ್ಚೆಂದರೆ;
ಇಂಜಿನ್ನು ಕೆಮ್ಮಿದರೆ ಕಮ್ಮಿ.
ಸಂಖ್ಯಾರೇಖೆ ಈಗ ಅವನ ಕೈಗೆ ಬಂದಿದೆ:
ಮುಟ್ಟಬಾರದ ಕಡೆ ಖಾಲಿ ಸೊನ್ನೆ,
ಮುಟ್ಟಬಹುದಾದ ಕಡೆ ತುಂಬಿದ ಚುಕ್ಕೆ,
ಅಲ್ಲಿಂದಾಚೆ ಬಾಣ.
ಇವತ್ತು ಇಳಿಯುವಾಗ ಕೇಳಿದ:
"ಮೂವತ್ತೈದಕ್ಕೆ ಪಾಸು ಅಂತಾರಲ್ಲ,
ಅದು ಖಾಲಿಯೋ, ತುಂಬಿದ್ದೋ?"
ತುಂಬಿದ್ದು, ಎಂದೆ.
ಕಿವಿಯಿಂದ ಪೆನ್ಸಿಲು ತೆಗೆದು
ಕಟಕಟೆಯ ಬಣ್ಣ ಹೋದ ಕಬ್ಬಿಣದ ಮೇಲೆ
ಒಂದು ಸೊನ್ನೆ ಬರೆದು
ಅದನ್ನು ತುಂಬತೊಡಗಿದ.

ಶುಕ್ರವಾರ. ಮೂರು ಜೀಪು ಇಳಿದವು.
ಆಚೆ ದಡದಲ್ಲಿ ಬಿಟ್ಟು ಬಂದ ನಾಲ್ಕನೆಯದು
ಇನ್ನೂ ಹಾರನ್ನು ಹೊಡೆಯುತ್ತಿತ್ತು.