ಆರೋಪಿಯ ಕಾಲಂ

ಠಾಣೆಯ ರೈಟರ್ ನಾನು. ಹನ್ನೊಂದು ವರ್ಷದಿಂದ
ಚಳ್ಳಕೆರೆ ಸೀಮೆಯ ಸಾವುಗಳಿಗೆ
ಕ್ರಮಸಂಖ್ಯೆ ಕೊಡುತ್ತ ಬಂದಿದ್ದೇನೆ.
ಬಾವಿ, ಹಾವು, ಹಗ್ಗ, ಲಾರಿ,
ಎಲ್ಲಕ್ಕೂ ಅದೇ ದುಂಡು ಅಕ್ಷರ.

ಪಾಲಯ್ಯ, ವಯಸ್ಸು ಹತ್ತೊಂಬತ್ತು.
ಹುಣಸೆಮರದ ಬುಡ, ಸಂಜೆ ನಾಲ್ಕು ನಲವತ್ತು.
ಎಡ ಹೆಗಲಿಂದ ಸೊಂಟದವರೆಗೆ ಕೆಂಪು ಗೆರೆಗಳು,
ಯಾರೋ ಪುರುಸೊತ್ತಾಗಿ ಕೂತು
ಬನ್ನಿಯ ರೆಂಬೆ ಬಿಡಿಸಿದ ಹಾಗೆ.
'ಸುಟ್ಟ ಗಾಯ' ಎಂದು ಬರೆದೆ.
ಚಂದವಿತ್ತು ಎಂದು ಬರೆಯಲು
ಪಂಚನಾಮೆಯಲ್ಲಿ ಜಾಗವಿಲ್ಲ.

ಫಾರಂ ತಲೆಯ ಮೇಲೆ: ಅಸ್ವಾಭಾವಿಕ ಮರಣ.
ಪೆನ್ನು ಅಲ್ಲೇ ನಿಂತಿತು.
ಸಿಡಿಲಿನಷ್ಟು ತನ್ನ ಸ್ವಭಾವ ಬಿಡದವರು
ಈ ತಾಲ್ಲೂಕಿನಲ್ಲಿ ಯಾರಿದ್ದಾರೆ?
ಎತ್ತರ ಕಂಡಲ್ಲಿ ಇಳಿಯುತ್ತದೆ.
ಮರ ಯಾವುದು, ಹುಡುಗ ಯಾರು,
ಅದಕ್ಕೆ ಓದು ಬರಹ ಬಾರದು.

ಕಾಟಮ್ಮ ಬೆಂಚು ಬಿಟ್ಟು ನೆಲಕ್ಕೆ ಕೂತಳು.
"ಯಾರ್ ಮ್ಯಾಲೆ ಬರ್ದೆ ಸ್ವಾಮಿ?"
ಯಾರ ಮೇಲೂ ಇಲ್ಲಮ್ಮ. ಆರೋಪಿ ಕಾಲಂ ಖಾಲಿ.
"ಖಾಲಿ ಬಿಟ್ರೆ ನನ್ ಮಗ ಸುಮ್‌ಸುಮ್ನೆ ಸತ್ತಂಗಾತು.
ಸಿಡ್ಲು ಅಂತ ಬರಿ.
ಊರು ಕೇಳಿದ್ರೆ, ಮ್ಯಾಲೆ ಅನ್ನು."

ಯುಗಾದಿಯ ಆಚೀಚೆ, ಬದುವಿನ ಜಗಳದಲ್ಲಿ
ಅಣ್ಣನ ತಲೆಗೆ ಸಲಿಕೆ ಹೊಡೆದವನು
ಇದೇ ನೆಲದ ಮೇಲೆ ಕೂತಿದ್ದ.
ಅವನಿಗೊಂದು ಗಳಿಗೆ ಇತ್ತು,
ಸಲಿಕೆ ಎತ್ತಿ ಇನ್ನೂ ಇಳಿಸದ ಗಳಿಗೆ.
ಕೇಡು ಮನೆ ಮಾಡುವುದು ಅಷ್ಟು ಇಕ್ಕಟ್ಟಿನಲ್ಲೇ
ಎಂದು ಅವತ್ತು ಅನ್ನಿಸಿತ್ತು.
ಸಿಡಿಲಿಗೆ ಆ ಗಳಿಗೆಯೇ ಇಲ್ಲ.
ಹೀಗಂತ ಹೆತ್ತವಳಿಗೆ ಹೇಳುತ್ತಾರೆಯೇ?
ಟೀ ತರಿಸಿದೆ. ಕುಡಿಯಲಿಲ್ಲ.

ಶವಾಗಾರದ ಹಿಂಬಾಗಿಲಲ್ಲಿ
ಬಟ್ಟೆ ಸುತ್ತಿ ಕೊಡಲು ಸಾವಿರ ಕೇಳಿದರು.
ಸೆರಗಿನ ಗಂಟಿನಲ್ಲಿ ಆರುನೂರಿತ್ತು.
ಉಳಿದದ್ದಕ್ಕೆ ಆಕೆ
ಕಿವಿಯ ವಾಲೆ ಮುಟ್ಟಿ ನೋಡಿಕೊಂಡಳು.
ಚಾಚಿದ ಕೈಗೆ ಹೆಸರಿತ್ತು,
ಹೆಸರಿಗೆ ವಿಳಾಸವಿತ್ತು, ಗಳಿಗೆಯೂ ಇತ್ತು.
ನನಗೂ ಇತ್ತು.
ಬೇವಿನ ನೆರಳಲ್ಲಿ ನಿಂತು
ಫೋನು ನೋಡುತ್ತಿದ್ದೆ.

ನಿನ್ನೆ ಪರಿಹಾರದ ಕಾಗದಕ್ಕೆ ಬಂದಿದ್ದಳು.
ಅವತ್ತಿನ ಹಸಿಗೇ ಮೈದುನ ಶೇಂಗಾ ಬಿತ್ತಿದನಂತೆ,
ಒಂದು ಕಾಳೂ ತಪ್ಪದೆ ಹುಟ್ಟಿದೆಯಂತೆ.
"ಯಂಗ್ ತಿನ್ಲಿ ಸ್ವಾಮಿ ಅದನ್ನ?"
ನನ್ನ ಉತ್ತರಕ್ಕೆ ಕಾಯದೆ, ತಾನೇ:
"ಗುಡುಗಿದ್ರೆ ಅಂಗ್ಳಕ್ಕೋಗಿ ಬೈತೀನಿ.
ಬೈಸ್ಕಳಾಕೆ ಅದುಕ್ ಕಿವಿ ಎಲ್ಲೈತೆ?
ಗಂಟ್ಲು ನಂದೇ ನೋಯ್ತೈತೆ."

ಗುಡ್ಡದ ಸಾಲಲ್ಲಿ ಗಾಳಿಯಂತ್ರಗಳು
ಇದ್ದಕ್ಕಿದ್ದಂತೆ ಜೋರು ತಿರುಗಿದವು.
ಬಡಗಣದ ಮೋಡ ಒಮ್ಮೆ ಒಳಗಿಂದ ಬೆಳಗಿತು.
ಹೆಬ್ಬೆಟ್ಟಿನ ಮಸಿ ಗೋಡೆಗೆ ಒರೆಸುತ್ತಿದ್ದವಳು
ತಟ್ಟನೆ ನನ್ನ ಕಡೆ ನೋಡಿ,
"ಆ ಕಿಟ್ಕಿ ಸರಳಿನ್ ತಾವ ಕೂರ್‌ಬ್ಯಾಡ,
ಇತ್ಲಾಗ್ ಬಾ," ಅಂದಳು.

ಕುರ್ಚಿ ಸರಿಸಿಕೊಂಡೆ.