ಎರಡು ಕೊಕ್ಕೆ

ಹದಿನೇಳನೇ ನಂಬರಿನ ಗಾಳಿಕಂಬದ ಬುಡದಲ್ಲಿ
ಆರು ವರ್ಷ ಕೂತಿದ್ದೆ, ಕೈ ಮುರಿದ ಕುರ್ಚಿಯಲ್ಲಿ.
ಒಂದು ಟಾರ್ಚು, ಒಂದು ರಿಜಿಸ್ಟರು, ಒಂದು ನಾಯಿ.
ನಾಯಿಗೆ ಸಂಬಳವಿರಲಿಲ್ಲ. ನನಗೆ ಒಂಬತ್ತು ಸಾವಿರ.
ಕಂಬಕ್ಕೊಂದು ಬಾಗಿಲಿತ್ತು;
ಬೀಗ ಸರಿಯಾಗಿದೆ ಎಂದು ರಾತ್ರಿಗೆ ಮೂರು ಸಲ ಬರೆಯುತ್ತಿದ್ದೆ.
ಒಳಗೇನಿದೆ ಎಂಬುದು ನನ್ನ ಡ್ಯೂಟಿಯಲ್ಲಿರಲಿಲ್ಲ.

ಹತ್ತಿ ಇಳಿದ ಹುಡುಗರು ಗ್ರೀಸಿನ ಕೈಯಲ್ಲೇ ನೀರು ಕೇಳುವರು.
"ಮೇಲೆ ಹೆಂಗೈತ್ರಪ್ಪಾ?"
"ಗಾಳಿ ಐತಣ್ಣ," ಎಂದು ನಗುವರು.
ಅದು ಕೆಳಗೂ ಇತ್ತು.

ಒಂದಿನ ಕೇಳಿಯೇಬಿಟ್ಟೆ. ಸೈಟ್ ಎಂಜಿನಿಯರು
ನನ್ನನ್ನಲ್ಲ, ನನ್ನ ಹಿಂದಿನ ಗುಡ್ಡ ನೋಡುತ್ತ ಅಂದರು:
"ಸರ್ಟಿಫಿಕೇಟ್ ಇದ್ರೆ ಏಣಿ. ಇಲ್ದಿದ್ರೆ ಕುರ್ಚಿ."

ದುರ್ಗದ ಚಳ್ಳಕೆರೆ ಗೇಟಿನಾಚೆ, ಹಳೇ ಎಣ್ಣೆ ಮಿಲ್ಲಿನ ಶೆಡ್ಡು.
ಗೋಡೆಗಳಿಗಿನ್ನೂ ಶೇಂಗಾ ಹಿಂಡಿಯ ವಾಸನೆ.
ನಡುವೆ ನಲವತ್ತಡಿ ಕಬ್ಬಿಣದ ಗೋಪುರ,
ಗೋಪುರಕ್ಕೆ ನಾವು ಹದಿಮೂರು ಜನ,
ಹದಿಮೂರು ಜನಕ್ಕೆ ಒಬ್ಬರೇ ಜಬೀನಾ ಮೇಡಂ.
ವಯಸ್ಸು ಇಪ್ಪತ್ತಾರು. ಮೊದಲ ಮಾತೇ
"ಹೆದರಿಕೆ ಇಲ್ಲ ಅನ್ನೋರು ಈಗ್ಲೇ ಮನೆಗೆ ಹೋಗ್ರಿ."
ನಾನು ಉಳಿದೆ. ಆ ಅರ್ಹತೆ ನನಗೆ ಬೇಕಾದಷ್ಟಿತ್ತು.

ತೊಡೆಗೆ, ಸೊಂಟಕ್ಕೆ, ಭುಜಕ್ಕೆ ಪಟ್ಟಿ.
ಎದೆಯಿಂದ ಎರಡು ಹಗ್ಗ, ತುದಿಗೆ ಎರಡು ಕೊಕ್ಕೆ.
ವಾರವೆಲ್ಲ ಒಂದೇ ಪಾಠ:
ಒಂದನ್ನು ಬಿಚ್ಚುವ ಮೊದಲು ಇನ್ನೊಂದು ಸಿಕ್ಕಿರಬೇಕು.
ಟಕ್ ಎನ್ನಬೇಕು. ಎಂದ ಮೇಲೂ ಎಳೆದು ನೋಡಬೇಕು.
"ಪಾಲಯ್ಯಾರೆ, ಏನು ಬಿಟ್ರಿ, ಏನು ಹಿಡಿದ್ರಿ? ಜೋರಾಗಿ ಹೇಳ್ರಿ!"

ಹೇಳಲಿಲ್ಲ.
ಕುರ್ಚಿ ಬಿಟ್ಟು ಬಂದಿದ್ದೆ,
ಬೋರಮ್ಮನ ಓಲೆ ಅಡವಿಟ್ಟು ಫೀಸು ಕಟ್ಟಿದ್ದೆ,
ಇನ್ನೊಂದು ಕೊಕ್ಕೆ ಗಾಳಿಯಲ್ಲೇ ತೂಗುತ್ತಿತ್ತು.
ಅವರ ಲೆಕ್ಕದಲ್ಲಿ ನಾನು ಸೇರುವ ಮುಂಚೆಯೇ ಫೇಲು.

ಎರಡನೇ ವಾರ ರುದ್ರಣ್ಣ ಬಂದ.
ಎಂಬತ್ತು ಕೇಜಿ, ಮರಳು ತುಂಬಿದ ಮೈ, ಮುಖವಿಲ್ಲ;
ಹೆಸರಿಟ್ಟವರು ಹಿಂದಿನ ಬ್ಯಾಚಿನವರು.
ಮೇಲೆ ಮೂರ್ಛೆ ಹೋಗುವುದಷ್ಟೇ ಅವನ ಕೆಲಸ,
ಇಳಿಸುವುದು ನಮ್ಮದು.
ಡಿಪ್ಲೊಮಾದ ಯಶೋಧರ ಗಂಟುಗಳ ಹೆಸರೆಲ್ಲ ಸರಾಗ ಹೇಳಿ
ಅವನನ್ನು ತಲೆಕೆಳಗಾಗಿ ಇಳಿಸಿದ.
ಹಿರಿಯೂರಿನ ವೆಲ್ಡರ್ ಫಕ್ರುದ್ದೀನ್ ಸಾಬರು
ಅರ್ಧದಲ್ಲಿ ನಿಂತು ಅವನ ಕಾಲರು ಸರಿಮಾಡಿದರು.
ನನ್ನ ಸರದಿ. ಎದೆಗವುಚಿಕೊಂಡೆ.
"ಉಸಿರೈತಾ ನೋಡಿದ್ರಾ?" ಕೆಳಗಿಂದ ಮೇಡಂ.
ಮರಳಿಗೆ ಕಿವಿಯಿಟ್ಟೆ.
ನನ್ನದೇ ಕೇಳಿಸಿತು, ತಿದಿಯ ಹಾಗೆ.
"ಐತೆ," ಎಂದೆ. ಅಂಕ ಕೊಟ್ಟರು.

ಕೊನೆಯ ದಿನ ಹೊರಗಿನ ಪರೀಕ್ಷಕರು. "ಅನುಭವ?"
ಆರು ವರ್ಷ ವಾಚ್‌ಮನ್ ಎಂದೆ. ಪೆನ್ನು ಅಲ್ಲೇ ನಿಂತಿತು.
ಬೇರಿಂಗ್ ಒಣಗಿದರೆ ರೆಕ್ಕೆ
ಮೂರನೇ ಸುತ್ತಿಗೊಮ್ಮೆ ಮುಕ್ಕುತ್ತದೆ ಸಾರ್, ಎಂದೆ.
ಆಷಾಢದ ಗಾಳಿ ತಿರುಗುವ ಮುಂಚೆ
ನಾಯಿ ಮಲಗುವ ಮಗ್ಗುಲು ಬದಲಿಸುತ್ತದೆ, ಎಂದೆ.
ಅವರು ಬರೆದರು: ಅನುಭವ ಇಲ್ಲ.
ಮೇಡಂ ಅದರ ಪಕ್ಕ ಪೆನ್ಸಿಲಿನಲ್ಲಿ ಏನೋ ಗೀಚಿದರು.
ನನ್ನ ಕಣ್ಣಿಗೆ ನಿಲುಕಲಿಲ್ಲ.

ಪತ್ರ ಬಂತು. ಹೊಳೆಯುವ ಕಾಗದ.
ಕನ್ನಡದ ಸಾಲಿನಲ್ಲಿ 'ಪಲಯ್ಯ',
ದೀರ್ಘ ಎಲ್ಲೋ ಮೇಲಿಂದ ಬಿದ್ದುಹೋಗಿದೆ.
ಬೋರಮ್ಮ ತಾರೀಖು ಓದಿಸಿಕೊಂಡು ಅಂದಳು:
"ಎಲ್ಡು ವರ್ಷಕ್ಕೆ ಕೆಡ್ತದಾ? ಹಾಲಿನ ಪಾಕೀಟಿನಂಗೆ?"
ರೇಷನ್ ಕಾರ್ಡಿನ ಜೊತೆ ಟ್ರಂಕಿಗೆ ಸೇರಿಸಿದಳು,
ಬರಿಯ ಕಿವಿ ಮುಟ್ಟಿಕೊಳ್ಳುತ್ತ.

ನಾಲ್ಕು ಕಡೆ ತೋರಿಸಿದೆ. ಐದನೆಯದು ಹಳೆಯ ಗುಡ್ಡವೇ.

ನಿನ್ನೆ ಬೆಳಿಗ್ಗೆ ಹದಿನೇಳರ ಬುಡದಲ್ಲಿ
ಮೀಸೆ ಇನ್ನೂ ಕೂಡದ ಹುಡುಗ ನನ್ನ ಕುರ್ಚಿಯಿಂದೆದ್ದು
ರಿಜಿಸ್ಟರು ತೆರೆದ, ಹೆಸರು ಕೇಳಿದ,
ನಿಧಾನ ಬರೆದ. ದೀರ್ಘ ಹಾಕಿದ.
ಬೀಗ ತೆಗೆದರೆ ಒಳಗೆ ಕತ್ತಲು, ಗ್ರೀಸಿನ ವಾಸನೆ,
ಕಣ್ಣು ಸೋಲುವವರೆಗೆ ಮೆಟ್ಟಿಲು.
ನಾಯಿ ಹೊಸ್ತಿಲು ದಾಟಲು ನೋಡಿತು, ಹುಡುಗ ಗದರಿದ.

ಟಕ್.
ಎಳೆದು ನೋಡಿದೆ.